ಬಾಕಿ ಉಳಿದ ಚಪ್ಪಾಳೆ

ಮಂಗಳವಾರ, ಸಂಜೆ
ನಿನ್ನ ಹಾಸ್ಟೆಲ್ ಗೇಟಿನ ಪಕ್ಕದ ಸಿಮೆಂಟ್ ಬೆಂಚು

ಅಕ್ಕನ ಮಗಳೇ, ನನ್ನ ಬಾಯಿಬಡುಕಿಯೇ,

ನಿನ್ನ ಮೈಕ್ ಮಾವನ ಆಶೀರ್ವಾದ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಪಕ್ಕದಲ್ಲಿ ನಿಮ್ಮಮ್ಮ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿರುತ್ತಾಳೆ. ಅದಕ್ಕೇ ಈ ಕಾಗದ. ನಿಮ್ಮ ಕಡೆಯ ಬಸ್ಸಿನ ಕಂಡಕ್ಟರ್ ನನ್ನ ಹಳೆಯ ಸ್ನೇಹಿತ, ನಾಳೆ ಬೆಳಿಗ್ಗೆ ನಿನ್ನ ಕೈಗೇ ಕೊಡುತ್ತಾನೆ. ನಾನೇ ಬರೋಣವೆಂದರೆ ಪಕ್ಕದ ಪಟ್ಟಣದ ಸಭೆಗೆ ನನ್ನದೇ ಮೈಕ್‌ಸೆಟ್ಟು ಆಗಬೇಕಂತೆ. ನಾನು ಹೋಗಿ ವೈರು ಸಿಕ್ಕಿಸದಿದ್ದರೆ ಅಲ್ಲಿನ ದೊಡ್ಡ ದೊಡ್ಡ ಭಾಷಣಕಾರರೆಲ್ಲ ಮೂಗರು. ಏನು ಮಾಡಲಿ, ನನ್ನ ಬೇಡಿಕೆ ಹಾಗಿದೆ.

ಬರೆಯಲು ಹಾಳೆ ಕೊಟ್ಟ ಗೇಟಿನ ಕಾವಲುಗಾರ ಆಗಿನಿಂದ ನನ್ನ ಮುಖ ನೋಡಿ ಕಿಸಕಿಸ ನಗುತ್ತಿದ್ದಾನೆ. ದೊಡ್ಡ ಮನುಷ್ಯರನ್ನು ಹತ್ತಿರದಿಂದ ನೋಡಿ ಅಭ್ಯಾಸವಿಲ್ಲ, ಪಾಪ.

ನೀನು ಮನೆಯ ಕಿಟಕಿಯಿಂದ ಕೈಚಾಚಿ ಅರ್ಜಿಯನ್ನು ನನ್ನ ಜೇಬಿಗೆ ತುರುಕಿದಾಗ ಹೇಳಿದ್ದು ಎರಡು ಕೆಲಸ. ಕಾಲೇಜು ಬಿಡುತ್ತೇನೆಂಬ ಆ ಅರ್ಜಿಯನ್ನು ಆಫೀಸಿಗೆ ಕೊಡುವುದು, ಟ್ರಂಕು ಹಾಸಿಗೆ ತರುವುದು. ಮನೆಯಲ್ಲಿ ಎಲ್ಲರೂ ನಿನಗೆ ಜ್ವರವೆಂದೇ ನಂಬಿದ್ದಾರೆ. ಮೇಡಂ ಹೇಳಿದರೆಂದು ನೀನು ಪಾಠ ಹೇಳಲು ನಿಂತೆ, ಇಡೀ ಕ್ಲಾಸು ನಕ್ಕಿತು, ನೀನು ಬಾಗಿಲಿನಿಂದ ನೆಟ್ಟಗೆ ಬಸ್ ಸ್ಟ್ಯಾಂಡಿಗೇ ಓಡಿದೆ ಎಂಬುದು ಗೊತ್ತಿರುವವನು ನಾನೊಬ್ಬನೇ. ಯಾರಿಗೂ ಬಾಯಿ ಬಿಟ್ಟಿಲ್ಲ. ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎನ್ನುತ್ತಾಳಲ್ಲ ನಿಮ್ಮಮ್ಮ, ಅವಳಿಗೇನು ಗೊತ್ತು. ಇನ್ನು ಆ ಅರ್ಜಿ. ಇಂಕ್ ಪೆನ್ನಿನಲ್ಲಿ ನೀನು ಬರೆದ ದುಂಡು ಅಕ್ಷರ, ಅದರ ಕೆಳಗೆ ಪೋಷಕರು ಎಂಬಲ್ಲಿ ನನ್ನ ರುಜು. ಏಳನೇ ಕ್ಲಾಸು ಓದಿದವನ ರುಜು ಅದು ಎಂದರೆ ಯಾರೂ ನಂಬುತ್ತಿರಲಿಲ್ಲ. ಕೊಡಲು ಮನಸ್ಸೇ ಬರಲಿಲ್ಲ.

ಕೊಡೋಣವೆಂದರೂ ಆಫೀಸಿನ ಕಿಟಕಿ ಮುಚ್ಚಿತ್ತು, ಗುಮಾಸ್ತ ಚಹಾ ಕುಡಿಯಲು ಹೋಗಿದ್ದ. ಸರಿ, ಮೊದಲು ಹಾಸ್ಟೆಲಿನ ಕೆಲಸ ಮುಗಿಸೋಣವೆಂದು ಇಲ್ಲಿಗೆ ಬಂದೆ. ಗಂಡಸರು ಗೇಟು ದಾಟುವಂತಿಲ್ಲವಾದ್ದರಿಂದ ನಿನ್ನ ಸಾಮಾನನ್ನು ಆಯಾ ಹೊರಗೆ ತಂದಿಟ್ಟಳು. ಹಾಸಿಗೆ ಸುತ್ತಿ ಹೆಗಲಿಗೇರಿಸುತ್ತಿದ್ದೆ. ಅಷ್ಟರಲ್ಲಿ ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡ ಪುಟ್ಟ ಆಕೃತಿಯೊಂದು ಓಡಿ ಬಂದು ಹಾಸಿಗೆಯ ಇನ್ನೊಂದು ತುದಿ ಹಿಡಿದುಕೊಂಡಿತು. ನಿನ್ನ ರೂಮಿನ ಗುಬ್ಬಿ.

"ಅಯ್ಯೋ, ಮೈಕ್ ಮಾವ ಅಲ್ವಾ ನೀವು? ಅವಳು ದಿನಾ ನಿಮ್ಮ ವಿಷಯಾನೇ ಹೇಳ್ತಿದ್ಲು!"

"ಒಳ್ಳೇದೇ ತಾನೆ?"

"ಒಳ್ಳೇದೂ ಹೇಳ್ತಿದ್ಲು."

ನಿನ್ನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಹಾಸಿಗೆ ಬಿಡು ಎಂದರೆ ಆ ಹುಡುಗಿ ಬಿಡಲೊಲ್ಲಳು. "ಒಂದು ಸಲ ನಮ್ಮ ಕ್ಲಾಸಿಗೆ ಬಂದು ಕೂತ್ಕೊಳ್ಳಿ ಮಾವ. ಆಮೇಲೂ ತಗೊಂಡು ಹೋಗ್ಬೇಕು ಅನ್ಸಿದ್ರೆ ನಾನೇ ಬಸ್ಸಿಗೆ ಹಾಕ್ತೀನಿ" ಎಂದಳು. ಕಾಲೇಜಿನವರೇ ಕರೆದಾಗ ಇಲ್ಲವೆನ್ನಲಾದೀತೇ? ಹೋದೆ.

ನಿಮ್ಮ ಕ್ಲಾಸು ನನಗೆ ಹಿಡಿಸಿತು. ಮೆಟ್ಟಿಲು ಮೆಟ್ಟಿಲಾಗಿ ಬೆಂಚು. ಮೂಲೆಯಲ್ಲಿ ನೇತುಹಾಕಿದ ಅಸ್ಥಿಪಂಜರ, ಅದರ ಕೈಗೆ ಯಾರದೋ ಛತ್ರಿ. ಗಾಳಿಗಿಂತ ಸದ್ದೇ ಹೆಚ್ಚು ಮಾಡುವ ಫ್ಯಾನು. ನಾನು ಹಿಂದಿನ ಬೆಂಚಿನಲ್ಲಿ ಗುಬ್ಬಿಯ ಪಕ್ಕ ಕೂತೆ. ನಾನು ಶಾಲೆಯಲ್ಲೂ ಹಿಂದಿನ ಬೆಂಚೇ, ಅಲ್ಲಿಂದ ಎಲ್ಲರ ಮೇಲೂ ಒಂದು ಕಣ್ಣಿಡಬಹುದು. ಅಷ್ಟರಲ್ಲಿ ನಿನ್ನ ಸ್ಕೇಲು ಮೇಡಂ ಬಂದರು. ಹೆಸರಿಟ್ಟವರು ಸರಿಯಾಗೇ ಇಟ್ಟಿದ್ದೀರಿ. ನಡೆ, ನಿಲುವು, ಮಾತು, ಎಲ್ಲ ಗೆರೆ ಎಳೆದ ಹಾಗೆ.

ಹಾಜರಿ ಶುರುವಾಯಿತು. ಒಬ್ಬೊಬ್ಬರೂ ಹೂಂ ಎನ್ನುತ್ತ ಬಂದರು. ನಿನ್ನ ನಂಬರು ಬಂತು. ಯಾರೂ ಮಾತಾಡಲಿಲ್ಲ. ಮೇಡಂ ಮುಂದಿನ ನಂಬರಿಗೆ ಹೋಗಲಿಲ್ಲ, ಬಾಗಿಲ ಕಡೆ ನೋಡುತ್ತ ಸುಮ್ಮನೆ ನಿಂತರು. ದಿನವೂ ಹೀಗೇ ಕಾಯುತ್ತಾರೆ ಎಂದು ಗುಬ್ಬಿ ಪಿಸುಗುಟ್ಟಿದಳು. ನನಗೋ, ಮೌನವೆಂದರೆ ಮೈಕ್ ಕೆಟ್ಟಂತೆ, ತಡೆದುಕೊಳ್ಳಲು ಆಗುವುದಿಲ್ಲ. ದನಿಯನ್ನು ದಾರದಷ್ಟು ಸಣ್ಣಗೆ ಮಾಡಿ, "ಬಂದಿದೀನಿ ಮೇಡಂ" ಎಂದುಬಿಟ್ಟೆ.

ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಡಂ ಮಾತ್ರ ನಗಲಿಲ್ಲ. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಇಷ್ಟು ದಿನದಲ್ಲಿ ಗಂಟಲು ಬಹಳ ಕೆಟ್ಟಿದೆ. ಮೀಸೆ ಕೂಡ ಬಂದಿದೆ" ಎಂದರು. ಆಮೇಲೆ, "ಇರ್ಲಿ, ನಿಮ್ಮ ಪಾಠ ಅರ್ಧಕ್ಕೆ ನಿಂತಿದೆಯಲ್ಲ. ಬನ್ನಿ, ಹೃದಯ. ಮುಗಿಸಿ" ಎಂದವರೇ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ಮುಂದಿನ ಬೆಂಚಿನಲ್ಲಿ ವಿದ್ಯಾರ್ಥಿಯ ಹಾಗೆ ಕೂತರು.

ನಾನೇನು ಹಿಂಜರಿಯುವವನೇ? ಎಷ್ಟು ಸಾವಿರ ಜನರ ಮುಂದೆ, ಎಷ್ಟು ವೇದಿಕೆಗಳ ಮೇಲೆ, ಎಲ್ಲರಿಗಿಂತ ಮೊದಲು ಮೈಕಿನಲ್ಲಿ ಮಾತಾಡಿದವನು ನಾನು! ಹೋಗಿ ನಿಂತೆ. ಗೋಡೆಯ ಮೇಲೆ ಎತ್ತಿನ ತಲೆಯಷ್ಟು ದೊಡ್ಡ ಹೃದಯದ ಚಿತ್ರ. ನಾನು ನಿಂತಿದ್ದಷ್ಟು ಹೊತ್ತೂ ಒಬ್ಬರೂ ಅಲುಗಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೇಡಂ ಪೆನ್ನು ಎತ್ತಿ ಹಿಡಿದವರು ಒಂದಕ್ಷರ ಬರೆಯಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಇಳಿದು ಬಂದು ಬೆಂಚಿನಲ್ಲಿ ಕೂತಾಗ ಬಿತ್ತು ನೋಡು ಚಪ್ಪಾಳೆ, ಅಸ್ಥಿಪಂಜರದ ಕೈಯ ಛತ್ರಿ ಕೆಳಗೆ ಬಿತ್ತು. ಇಂಥ ಚಪ್ಪಾಳೆ ನನ್ನ ಮೈಕಿನಲ್ಲಿ ಮಾತಾಡಿದ ಯಾರಿಗೂ ಬಿದ್ದದ್ದು ಕಂಡಿಲ್ಲ.

ಆದರೆ ಗುಬ್ಬಿ ಒಂದು ಮಾತು ಹೇಳಿದಳು. ಮೇಡಂ ಕ್ಲಾಸಿನಲ್ಲಿ ಅದೊಂದು ಕಟ್ಟಳೆಯಂತೆ: ಪಾಠ ಹೇಗೇ ಇರಲಿ, ಹಲಗೆಯ ಮುಂದಿನಿಂದ ತಿರುಗಿ ಬೆಂಚಿಗೆ ಬಂದು ಕೂತವರಿಗೆ ಚಪ್ಪಾಳೆ ಹೊಡೆಯಲೇಬೇಕು. ಹಲಗೆಯ ಮುಂದೆ ನಿಂತವರಲ್ಲಿ ನೀನೇ ಮೊದಲನೆಯವಳು, ನಿನಗೆ ಇದು ಗೊತ್ತಾಗಲು ದಾರಿಯೇ ಇರಲಿಲ್ಲ. ಹಾಗಾದರೆ ಆ ದಿನ ಯಾಕೆ ಹೊಡೆಯಲಿಲ್ಲ ಎಂದು ಜಗಳಕ್ಕೇ ನಿಂತೆ. ಅವಳ ಕಣ್ಣು ಒದ್ದೆಯಾಯಿತು. "ಮೇಡಂ ಸನ್ನೆ ಮಾಡಿದ್ರು, ಚಪ್ಪಾಳೆಗೆ ಕೈ ಎತ್ತಿದ್ವಿ ಮಾವ. ಅವಳು ಬೆಂಚಿಗೆ ಬರ್ಲಿಲ್ಲ, ಬಾಗಿಲಿಗೆ ಹೋದ್ಲು. ಹೋಗ್ತಾ ಇರೋರಿಗೆ ಚಪ್ಪಾಳೆ ಹೊಡೆದ್ರೆ ಓಡಿಸಿದ ಹಾಗಾಗಲ್ವಾ?"

ನಕ್ಕದ್ದು ಯಾಕೆ ಎಂದೂ ಕೇಳಿದೆ. ಬಿಡುತ್ತೇನೆಯೇ? ಚಿತ್ರದಲ್ಲಿ ಹೃದಯದ ಎಡಭಾಗ ನೋಡುವವರ ಬಲಕ್ಕೆ ಬರುತ್ತದಂತೆ, ಎದುರು ನಿಂತವನ ಎಡಗೈ ನಮ್ಮ ಬಲಕ್ಕೆ ಇರುವ ಹಾಗೆ. ನೀನು ಅದನ್ನು ತಿರುವುಮುರುವು ಬರೆದೆ. ತಪ್ಪೆಂದು ನಿನಗೇ ಹೊಳೆದು ಅಳಿಸಲು ಹಲಗೆಯ ಕಡೆ ತಿರುಗಿದೆ. ಅಷ್ಟರಲ್ಲಿ ಇವರಿಗೂ ಯಾವುದು ಎಡ ಯಾವುದು ಬಲ ಎಂದು ತಿಳಿಯದೆ ಎಲ್ಲರೂ ಅವರವರ ಎದೆ ಮುಟ್ಟಿ ನೋಡಿಕೊಂಡರಂತೆ. ಆ ಉದ್ದಣ್ಣ ಎನ್ನುವ ಹುಡುಗ ಬಲಗಡೆ ಕೈಯಿಟ್ಟು, "ನನಗೆ ಹೊಡ್ಕೊಳ್ತಾನೇ ಇಲ್ಲ ಕಣ್ರೋ!" ಎಂದನಂತೆ. ಕ್ಲಾಸು ನಕ್ಕದ್ದು ಅವನಿಗೆ. ನಿನಗೆ ಬೆನ್ನ ಹಿಂದೆ ನಗು ಮಾತ್ರ ಕೇಳಿಸಿತು, ಉದ್ದಣ್ಣನ ಮುಖ ಕಾಣಿಸಲಿಲ್ಲ. ಅವನನ್ನೂ ಕರೆದು ವಿಚಾರಿಸಿದೆ. ಆಗಿನಿಂದ ಅವನು ಸರಿಯಾಗಿ ಊಟ ಮಾಡಿಲ್ಲವಂತೆ. ಅದು ಸುಳ್ಳಿರಬಹುದು, ಚೆನ್ನಾಗೇ ಕಾಣುತ್ತಾನೆ. ಆದರೆ ನಿನ್ನ ವಿಷಯ ಬಂದಾಗ ತಲೆ ಎತ್ತಲಿಲ್ಲ.

ಕ್ಲಾಸು ಮುಗಿದ ಮೇಲೆ ಮೇಡಂ ವರಾಂಡದಲ್ಲಿ ನನ್ನನ್ನು ನಿಲ್ಲಿಸಿಕೊಂಡರು. "ಅವಳು ತಪ್ಪು ಬರೆದಳು, ಯಾರೂ ಹೇಳದೆ ತಾನೇ ಅಳಿಸೋಕೆ ತಿರುಗಿದಳು. ನನಗೆ ಬೇಕಾದ್ದು ಅದೇ. ಅಳಿಸಿ ಮುಗಿಸೋವರೆಗೆ ನಿಲ್ಲಬೇಕಿತ್ತು, ಅಷ್ಟೇ" ಎಂದರು. ಮತ್ತೆ ದಿನಾ ಯಾಕೆ ಕರೆಯುತ್ತೀರಿ, ಅವಳು ಕಾಲೇಜು ಬಿಡುವ ಅರ್ಜಿ ಬರೆದು ನನ್ನ ಕೈಗೆ ಕೊಟ್ಟಿದ್ದಾಳಲ್ಲ ಎಂದೆ. "ಅರ್ಜಿ ಆಫೀಸಿಗೆ ಸೇರಿದರೆ ಹೆಸರು ತೆಗೀತಾರೆ. ಆಮೇಲೆ ನಾನು ಕರೆಯೋ ಹಾಗಿಲ್ಲ, ಈ ವರ್ಷ ಮತ್ತೆ ಸೇರಿಸೋ ಹಾಗೂ ಇಲ್ಲ. ಅಲ್ಲಿವರೆಗೆ ಕರೀತೀನಿ. ನೀವು ಪೋಷಕರು, ನಿಮಗೆ ಬಿಟ್ಟಿದ್ದು" ಎಂದು ಗೆರೆ ಎಳೆದಂತೆ ಹೊರಟುಹೋದರು. ಆ ಹೆಂಗಸಿನ ಮುಂದೆ ನನಗೆ ಜಂಭದ ಮಾತೊಂದೂ ಹೊಳೆಯಲಿಲ್ಲ, ನೀನೇ ಊಹಿಸಿಕೋ.

ನಾನು ಬುದ್ಧಿ ಹೇಳುವ ಮಾವನಲ್ಲ. ಹೇಳಿದರೂ ನೀನು ಕೇಳುವವಳಲ್ಲ. ಕಂಡದ್ದು ಬರೆದೆ. ಸರಿಯಾಗಿ ಊಟ ಮಾಡು. ಇಲ್ಲದ ಜ್ವರಕ್ಕೆ ನಿಮ್ಮಮ್ಮ ಕೊಡುವ ಕಹಿ ಕಷಾಯ ಮಾತ್ರ ಕಿಟಕಿಯಿಂದಾಚೆ ಚೆಲ್ಲು.

ಇಂತಿ, ಧ್ವನಿವರ್ಧಕವಿಲ್ಲದೆಯೂ ಊರಿಗೆಲ್ಲ ಕೇಳಿಸುವ
ನಿನ್ನ ಮೈಕ್ ಮಾವ

ತಾ.ಕ.: ಗುಬ್ಬಿ ಹೇಗೂ ನಿನಗೆ ಹೇಳಿಯೇ ಹೇಳುತ್ತಾಳೆ, ಅವಳಿಗಿಂತ ಮೊದಲು ನಾನೇ ಹೇಳಿಬಿಡುವುದು ಮರ್ಯಾದೆ. ಕ್ಲಾಸು ಅಷ್ಟು ನಿಶ್ಶಬ್ದವಾಗಿದ್ದದ್ದು ನಾನು ಏನೂ ಮಾತಾಡದೇ ಇದ್ದದ್ದಕ್ಕೆ. ಅಲ್ಲಿ ನಿಂತ ಕೂಡಲೇ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಬಹಳ ಹೊತ್ತಾದ ಮೇಲೆ ಬಾಯಿಂದ ಹೊರಟದ್ದು, "ಹಲೋ, ಹಲೋ, ಒನ್, ಟೂ, ತ್ರೀ." ನನ್ನ ಜೀವಮಾನದಲ್ಲಿ ವೇದಿಕೆಯ ಮೇಲೆ ನಾನು ಆಡಿದ್ದೂ ಅಷ್ಟೇ ತಾನೆ. ಹಿಂದಿನ ಬೆಂಚಿನಿಂದ ಉದ್ದಣ್ಣ, "ಕೇಳಿಸ್ತಿದೆ ಮಾವ, ಹೇಳಿ!" ಎಂದ. ಬೆವರು ಧಾರಾಕಾರ ಇಳಿಯಿತು. ಜೇಬಿಗೆ ಕೈಹಾಕಿ ಕರವಸ್ತ್ರ ತೆಗೆದು ಹಣೆಯಿಂದ ಮೀಸೆಯವರೆಗೆ ಚೆನ್ನಾಗಿ ಉಜ್ಜಿಕೊಂಡೆ. ಅದು ಕರವಸ್ತ್ರವಾಗಿರಲಿಲ್ಲ. ಕಾವಲುಗಾರ ನಗುತ್ತಿರುವುದು ಅದಕ್ಕೇ, ಮುಖವೆಲ್ಲ ನಿನ್ನ ನೀಲಿ ಇಂಕು.

ಹಾಗಿದ್ದರೂ ಆ ಅರ್ಜಿಯನ್ನು ಆಫೀಸಿನ ಕಿಟಕಿಗೆ ಕೊಂಡುಹೋಗಿ ಕೊಟ್ಟೆ, ನಿನಗೆ ಮಾತು ಕೊಟ್ಟಿದ್ದೆನಲ್ಲ. ಗುಮಾಸ್ತ ಅದನ್ನು ಬೆಳಕಿಗೆ ಹಿಡಿದು ನೋಡಿ, "ಇದೇನ್ರೀ, ಅರ್ಜಿನೋ ಒರೆಸೋ ಬಟ್ಟೆನೋ?" ಎಂದು ವಾಪಸು ಕೊಟ್ಟ. ಬಿಡಲೇಬೇಕು ಅನ್ನಿಸಿದರೆ ನೀನೇ ಬಂದು ಇನ್ನೊಂದು ಬರೆದುಕೊಡು. ನಾನು ಇನ್ನು ರುಜು ಹಾಕುವುದಿಲ್ಲ. ಹಾಸಿಗೆ, ಟ್ರಂಕು ಒಳಕ್ಕೆ ಹೋಗಿವೆ, ಗುಬ್ಬಿ ಆಗಲೇ ಹಾಸಿಗೆ ಹಾಸಿಟ್ಟಿದ್ದಾಳಂತೆ.

ಬರುವಾಗ ನನ್ನ ಕರವಸ್ತ್ರ ತಂದು ಗುಬ್ಬಿಯ ಕೈಗೆ ಕೊಟ್ಟಿರು. ನಿಮ್ಮ ಮನೆಯ ಕಿಟಕಿಯ ಮೇಲೇ ಬಿಟ್ಟು ಬಂದಿದ್ದೇನೆ.