ಇವತ್ತ ಒಂದ ಫೋನ್ ಸಾಕು

ಇಲ್ಲಿ ನೋಡ್ರಿ,

ನಾ ಕಾಲೇಜಿಗೆ ಹೊಂಟೇನಿ. ರೊಟ್ಟಿ ಡಬ್ಬ್ಯಾಗ ಅದಾವು, ಬದನಿಕಾಯಿ ಪಲ್ಯ ಬಿಸಿ ಮಾಡ್ಕೊಂಡ ಉಣ್ರಿ. ಉಂಡ ತಾಟಿಗೆ ನೀರರೆ ಹಾಕಿ ಇಡ್ರಿ.

ಸಂಜಿ ಆರಕ್ಕ ನಮ್ಮಿಬ್ಬರ ಕೌನ್ಸೆಲಿಂಗ್ ಐತಿ, ಮೇಡಮ್ಮರು ವಿಡಿಯೋ ಕಾಲ್ ಮಾಡ್ತಾರ. ಅಮರಗೋಳ ಮಾರ್ಕೆಟ್ಟಿನಾಗ ಹತ್ತಿ ತೂಕದ ನೆವಾ ಹೇಳಿ ಕುಂದರಬ್ಯಾಡ್ರಿ. ಅಂಗಡಿ ನಿಮ್ಮ ಗುಮಾಸ್ತ ಪ್ರಸಾದಗ ಒಪ್ಪಿಸಿ ಲಗೂ ಬರ್ರಿ.

ಹೋದ ವಾರ ನೀವು ಪಡಸಾಲ್ಯಾಗ, ನಾ ಅಡಗಿಮನ್ಯಾಗ, ಇಬ್ಬರ ಕೈಯಾಗೂ ಒಂದೊಂದು ಫೋನು. ಜಗಳಾದ ಮ್ಯಾಲೆ ಒಂದ ಕಡೆ ಕೂಡೂದ ಬಿಟ್ಟೀವಲ್ಲ. ಅವತ್ತ ಮೇಡಮ್ಮರಿಗೆ ನೀವು, "ಒಬ್ಬನ ಉಣ್ಣಾಕ ಕುಂತ್ರ ತುತ್ತು ಇಳಿಯೂದಿಲ್ರಿ. ಮದಲ ನಮ್ಮ ಮನಿಯವರು ಎದುರಿಗೆ ಕುಂತು ಬಡಸ್ತಿದ್ರು" ಅಂದ್ರಿ. ಆ ಮಾತು ನನಗ ಎರಡ ಸಲ ಕೇಳಿಸ್ತು. ಮದಲ ಗ್ವಾಡಿ ಆಚಿಂದ ನಿಮ್ಮ ಖರೇ ದನಿ, ಆಮ್ಯಾಲೆ ಫೋನಿನಾಗ.

ಫೋನಿನಾಗಷ್ಟ ನೋಡಿದ ಹೆಣ್ಮಗಳಿಗೆ ಹೇಳಿದ್ದನ್ನ ನನಗ ಹೇಳಾಕ ಏನ ಧಾಡಿ ಆಗಿತ್ತು ನಿಮಗ? ನಡುವ ಇದ್ದದ್ದು ಒಂದ ಗ್ವಾಡಿ.

ಅವತ್ತ ನಡುವ ನನ್ನ ಮುಖಾ ಕಾಣದಂಗಾದಾಗ ನೆಟ್ ಹೋತು ಅಂದಿದ್ದೆ, ಅದು ಸುಳ್ಳು. ಅಳು ತಡಿಲಿಲ್ಲ ಅಂತ ನಾನ ಕ್ಯಾಮೆರಾ ಬಂದ್ ಮಾಡಿದ್ದೆ.

ನಾಳೆ ಐತವಾರ, ನನಗ ರಜಾ. ನಾನ ಬಡಸ್ತೇನಿ. ಆದ್ರ ಹಸಿವಿ ಆಗೇತಿ ಅಂತ ನನಗ ಹೇಳ್ರಿ, ಮೇಡಮ್ಮರಿಗೆ ಅಲ್ಲ.

ಇವತ್ತ ನನ್ನ ಫೋನ್ ಹಚ್ಚೂದಿಲ್ಲ, ನಿಮ್ಮದೊಂದ ಸಾಕು. ಪಡಸಾಲ್ಯಾಗ ಎರಡ ಖುರ್ಚಿ ಜೋಡಿಸಿ ಇಟ್ಟ ಹೊಂಟೇನಿ.

ಸರಿಸಬ್ಯಾಡ್ರಿ.

ರಾಜೇಶ್ವರಿ