ಒಂದು ನಿಮಿಷಕ್ಕೆ ಹನ್ನೊಂದು ಪದ

ಮಕ್ಕಳ ಓದಿನ ಸಾಮರ್ಥ್ಯ ಅಳೆಯುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಎರಡನೆಯ ತರಗತಿಯ ಒಬ್ಬ ಹುಡುಗಿಗೆ ಓದಲು ಬರುವುದಿಲ್ಲ ಎಂದು ತಾವು ಕಳೆದ ತಿಂಗಳು ಲಿಖಿತವಾಗಿ ತೀರ್ಮಾನಿಸಿದ್ದೀರಿ. ಅವಳಿಗೆ ಓದಲು ಬರುತ್ತದೆ. ನನಗೆ ಹೇಗೆ ಗೊತ್ತೆಂದರೆ, ಕಲಿಸಿದವಳು ನಾನು. ಇಷ್ಟನ್ನೇ ತಮ್ಮ ಕಚೇರಿಗೆ ಎರಡು ಸಲ ಬರೆದಿದ್ದೇನೆ. ಮೊದಲ ಪತ್ರಕ್ಕೆ 'ತಲುಪಿದೆ' ಎಂಬ ಉತ್ತರ ಬಂತು. ಮೊದಲನೆಯದು ತಲುಪಿರುವುದರಿಂದ ಎರಡನೆಯದರ ಅಗತ್ಯವಿರಲಿಲ್ಲ ಎಂದು ಎರಡನೆಯದಕ್ಕೆ ಉತ್ತರ ಬಂತು. ಆದ್ದರಿಂದ ಮೂರನೆಯದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಶಾಲೆ ಮತ್ತೆ ಶುರುವಾಗಲು ಹನ್ನೆರಡು ದಿನ ಉಳಿದಿವೆ. ಅಷ್ಟರೊಳಗೆ ತಾವು ಏನೂ ಮಾಡದಿದ್ದರೆ ಆ ಮಗು ತನ್ನ ತರಗತಿಯನ್ನು ಬಿಟ್ಟು, ಊರಿನ ಇನ್ನೊಂದು ತುದಿಯಲ್ಲಿರುವ 'ನಿಧಾನ ಕಲಿಕೆಯ ಘಟಕ'ಕ್ಕೆ ಹೋಗಬೇಕು. ಅಲ್ಲಿಗೆ ಹೋದ ಮಕ್ಕಳಲ್ಲಿ ವಾಪಸು ಬಂದವರೆಷ್ಟು ಎಂದು ಅವಳ ತರಗತಿಯ ಶಿಕ್ಷಕಿಯನ್ನು ಕೇಳಿದೆ. ಹದಿನಾಲ್ಕು ವರ್ಷದ ಸೇವೆಯಲ್ಲಿ ಒಬ್ಬರನ್ನೂ ಕಂಡಿಲ್ಲ ಎಂದರು.

ನಾನು ಶಿಕ್ಷಕಿಯಲ್ಲ, ಆಗಲಿರುವವಳು, ಅಂದರೆ ಅಭ್ಯಾಸಿ. ತರಬೇತಿಯ ಎರಡನೆಯ ವರ್ಷದಲ್ಲಿ ನಮಗೆ ತಲಾ ಒಂದು ಮಗುವನ್ನು ಒಪ್ಪಿಸುತ್ತಾರೆ. ವಾರಕ್ಕೆರಡು ಸಲ ಓದು ಕಲಿಸಬೇಕು. ನಮಗೆ ಸಿಕ್ಕ ಜಾಗ ಆಟದ ಸಾಮಾನಿನ ಕೋಣೆ. ಗಾಳಿ ಹೋದ ಚೆಂಡುಗಳು, ಹಗ್ಗದ ಸುರುಳಿಗಳು, ಗೋಡೆಗೊರಗಿಸಿದ ನೀಲಿ ರಬ್ಬರ್ ಚಾಪೆಗಳು. ಅಲ್ಲಿ ಮುಕ್ಕಾಲು ಗಂಟೆ ಕೂತರೆ ರಬ್ಬರಿನ ವಾಸನೆ ಮನೆಯವರೆಗೂ ಹಿಂಬಾಲಿಸಿ ಬರುತ್ತಿತ್ತು. ಹುಡುಗಿಗೆ ತರಗತಿಯಲ್ಲಿ 'ಲಾಯರಮ್ಮ' ಎಂಬ ಅಡ್ಡಹೆಸರು. ಆ ಹೆಸರು ಯಾಕೆ ಬಂತೆಂದು ನನಗೆ ಮೊದಲ ದಿನವೇ ತಿಳಿಯಿತು. ಪುಸ್ತಕ ತೆರೆದು ಅವಳ ಮುಂದಿಟ್ಟೆ. ಅವಳು ಅದನ್ನು ಮೆಲ್ಲಗೆ ನನ್ನ ಕಡೆಗೇ ತಿರುಗಿಸಿದಳು.

"ನಿಮಗೆ ಬರುತ್ತಲ್ವಾ ಮೇಡಮ್? ನೀವು ಓದಿ, ನಾನು ಕೇಳ್ತೀನಿ. ಇಬ್ರೂ ಯಾಕೆ ಕಷ್ಟಪಡ್ಬೇಕು?"

ಅವಳ ಕಷ್ಟ ದಡ್ಡತನದ್ದಾಗಿರಲಿಲ್ಲ. ಒಂದೊಂದು ಅಕ್ಷರವೂ ಗೊತ್ತಿತ್ತು. ಆದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಕೈಬಿಟ್ಟು ಹೋಗುತ್ತಿತ್ತು. ನಲವತ್ತು ಮಕ್ಕಳ ನಡುವೆ ಅದಕ್ಕೆ ಯಾರು ಕಾಯುತ್ತಾರೆ? ನಾನು ಕಾದೆ, ಅಷ್ಟೇ ನಾನು ಮಾಡಿದ ಘನಕಾರ್ಯ. ರಟ್ಟಿನ ಪಟ್ಟಿಯೊಂದನ್ನು ಸಾಲಿನ ಮೇಲಿಟ್ಟು ಒಂದೊಂದೇ ಅಕ್ಷರ ಸರಿಸುತ್ತಾ, ತುಟಿ ಪಿಟಿಕ್ಕೆನ್ನದೆ ಕಾದೆ. ಐದನೆಯ ವಾರ ಒಂದು ಮಧ್ಯಾಹ್ನ ಅವಳು ಪುಸ್ತಕ ಬಿಟ್ಟು ನನ್ನ ತಲೆಯ ಮೇಲೆ ಏನನ್ನೋ ದಿಟ್ಟಿಸುತ್ತಿದ್ದಳು. ಗದರಿಸಬೇಕು ಎನ್ನುವಷ್ಟರಲ್ಲಿ ಅವಳ ಬಾಯಿ ಅಲ್ಲಾಡತೊಡಗಿತು. "ಗುಂಡಿ... ಒತ್ತಿ. ಕೊಳವೆಯನ್ನು ಬೆಂಕಿಯ ಬುಡಕ್ಕೆ ಹಿಡಿಯಿರಿ." ನನ್ನ ಹಿಂದೆ ಗೋಡೆಗೆ ತೂಗುಹಾಕಿದ್ದ, ಬೆಂಕಿ ಆರಿಸುವ ಕೆಂಪು ಡಬ್ಬಿಯ ಮೇಲಿನ ಬರಹ ಅದು. ಯಾರೂ ಓದೆಂದು ಹೇಳಿರಲಿಲ್ಲ.

"ಇದು ಇಷ್ಟು ದಿನ ಇಲ್ಲೇ ಇತ್ತಾ ಮೇಡಮ್?" ಎಂದು ಕೇಳಿದಳು.

ನಾನು ಅತ್ತುಬಿಟ್ಟೆ. ತರಬೇತಿಯಲ್ಲಿ ಅಳಬಾರದೆಂದು ಹೇಳಿಕೊಟ್ಟಿದ್ದಾರೆ. ಅತ್ತೆ.

ತಮ್ಮ ಕಚೇರಿಯ ಪರೀಕ್ಷೆಯ ಹಿಂದಿನ ವಾರ ಅವಳು ನಿಮಿಷಕ್ಕೆ ನಲವತ್ತಾರು ಪದ ಓದುತ್ತಿದ್ದಳು. ತಾವು ಕೇಳುವುದು ಮೂವತ್ತು. ನನ್ನ ಹೆಮ್ಮೆಗೆ ಮಿತಿಯೇ ಇರಲಿಲ್ಲ. ಆ ಹೆಮ್ಮೆಯಲ್ಲೇ ನಾನೊಂದು ತಪ್ಪು ಮಾಡಿದೆ. ಬಹುಮಾನ ಕೊಡುವವಳ ಹಾಗೆ ಹೇಳಿದೆ, "ಗುರುವಾರ ಪರೀಕ್ಷೆ. ಹೀಗೇ ಓದಿದ್ರೆ ಸಾಕು, ಆಮೇಲೆ ನೀನು ಈ ಕೋಣೆಗೆ ಬರೋದೇ ಬೇಡ!"

"ನೀವು?"

"ನಾನು ಬೇರೆ ಮಗು ಹತ್ರ ಹೋಗ್ತೀನಿ."

"ಆ ಮಗುಗೆ ಓದಕ್ಕೆ ಬರಲ್ವಾ?"

"ಇನ್ನೂ ಬರಲ್ಲ."

"ಓಹೋ. ಬರದೆ ಇರೋರಿಗೆ ಮಾತ್ರ ನೀವು," ಎಂದಳು. ಲಾಯರಮ್ಮ ವಾದ ಮಾಡದೆ ಸುಮ್ಮನಾದದ್ದು ಅದೇ ಮೊದಲು. ದಣಿದಿರಬೇಕು ಅಂದುಕೊಂಡೆ. ಮಕ್ಕಳ ಮನಶ್ಶಾಸ್ತ್ರದಲ್ಲಿ ನನಗೆ ತರಗತಿಗೇ ಹೆಚ್ಚು ಅಂಕ ಬಂದಿದೆ, ಮಾನ್ಯರೇ.

ಗುರುವಾರ ತಮ್ಮ ಕಚೇರಿಯಿಂದ ಪರೀಕ್ಷಕಿ ಬಂದರು. ಕೈಯಲ್ಲಿ ಸ್ಟಾಪ್‌ವಾಚ್, ತೊಡೆಯ ಮೇಲೆ ನಮೂನೆ. ನನ್ನನ್ನು ಗೋಡೆಯ ಪಕ್ಕ ಕೂರಿಸಿ, ಬಾಯಿ ತೆರೆಯಬಾರದು ಎಂದರು. ಹುಡುಗಿ ಓದಲು ತೊಡಗಿದಳು. ಎರಡನೆಯ ಸಾಲಿಗೇ ನನಗೆ ಗೊತ್ತಾಯಿತು. ಉದ್ದನೆಯ ಪದಗಳನ್ನು ನೀರು ಕುಡಿದಷ್ಟು ಸಲೀಸಾಗಿ ಓದಿ, 'ಮನೆ' ಎಂಬಲ್ಲಿ ತಡವರಿಸುತ್ತಿದ್ದಳು. 'ಹಸು' ಎಂಬಲ್ಲಿ ನಿಂತೇಬಿಟ್ಟಳು. ಓದಲು ಬಾರದ ಮಗು ಕಷ್ಟದಲ್ಲಿ ಎಡವುತ್ತದೆ. ಸುಲಭದಲ್ಲಿ ಎಡವಬೇಕಾದರೆ ಯಾವುದು ಸುಲಭವೆಂದು ಮೊದಲು ಓದಿ ತಿಳಿಯಬೇಕಲ್ಲವೇ? ಪ್ರತಿ ತಪ್ಪಿನ ಕೊನೆಗೂ ಅವಳು ನನ್ನ ಕಡೆ ನೋಡುತ್ತಿದ್ದಳು, ಚೆನ್ನಾಗಿ ಮಾಡ್ತಿದೀನಾ ಎಂದು ಕೇಳುವವಳ ಹಾಗೆ. ಗಡಿಯಾರ ನಿಂತಿತು. ಹನ್ನೊಂದು ಪದ.

ಆಗ ನಾನು ಏಳಬೇಕಿತ್ತು. ಏಳಲಿಲ್ಲ. ನಡುವೆ ಬಾಯಿ ಹಾಕಿದ ಅಭ್ಯಾಸಿಯ ಕಡತದಲ್ಲಿ ಅದು ದಾಖಲಾಗುತ್ತದೆ ಎಂದು ನಮಗೆ ಮೊದಲೇ ಎಚ್ಚರಿಸಿದ್ದರು. ಪರೀಕ್ಷಕಿ ಸಹಿ ಹಾಕಿ, ನಮೂನೆ ಮಡಚಿ, ಚೀಲದ ಜಿಪ್ ಎಳೆಯುವವರೆಗೆ ನಾನು ನನ್ನ ಕಡತದ ಬಗ್ಗೆ ಯೋಚಿಸುತ್ತಿದ್ದೆ. ಇದನ್ನು ಬಹಿರಂಗ ಪತ್ರದಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ, ತಮ್ಮ ಕಚೇರಿಯ ತಪ್ಪನ್ನಷ್ಟೇ ಎತ್ತಿ ಆಡಿದಂತಾಗಬಾರದು. ಹೊರಗೆ ಓಣಿಯಲ್ಲಿ ಹುಡುಗಿ ಬಂದು ನನ್ನ ಕೈಹಿಡಿದಳು. "ಈಗ ಸೋಮವಾರ ಬರ್ತೀರಲ್ವಾ?" ಎಂದು ಕೇಳಿದಳು. ಬರುತ್ತೇನೆ ಎಂದೆ.

ಸೋಮವಾರ ನನ್ನನ್ನು ಬೇರೆ ಶಾಲೆಗೆ ಕಳಿಸಿದರು. ಓದು ಬಂದ ಮಗುವಿಗೆ ಅಭ್ಯಾಸಿಯ ಅಗತ್ಯವಿಲ್ಲ, ಸರಿ. ಇಷ್ಟು ಪಾಠದ ನಂತರವೂ ಬಾರದ ಮಗುವಿಗೆ ಅಭ್ಯಾಸಿಯಿಂದ ಪ್ರಯೋಜನವಿಲ್ಲ ಎಂಬ ಇನ್ನೊಂದು ನಿಯಮವೂ ತಮ್ಮಲ್ಲಿದೆಯಂತೆ. ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮಗುವಿಗೆ ಹೇಳುತ್ತಿದ್ದೆ. ಗೆದ್ದರೂ ಮೇಡಮ್ ಹೋಗುತ್ತಾರೆ, ಸೋತರೂ ಮೇಡಮ್ ಹೋಗುತ್ತಾರೆ ಎಂಬ ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಏಳು ವರ್ಷದವಳ ತಲೆಗೆ ಹೊಳೆಯಲಿಲ್ಲ ಎಂಬುದು ಅವಳ ಬುದ್ಧಿಮಾಂದ್ಯಕ್ಕೆ ಸಾಕ್ಷಿಯೇ?

ತಮ್ಮ ಕಚೇರಿಗೆ ಖುದ್ದಾಗಿ ಬಂದೆ. ಮೇಜಿನ ಹಿಂದಿದ್ದ ಗುಮಾಸ್ತರು ಒಳ್ಳೆಯವರು. ಕುಡಿಯಲು ನೀರು ಕೊಟ್ಟು, ಎಲ್ಲವನ್ನೂ ಕೇಳಿದರು. ಆಮೇಲೆ ಹೇಳಿದರು, "ಮಗು ಪಾಸಾದ್ರೆ ನಿಮಗೂ ಅಂಕ ಬರುತ್ತಲ್ಲಮ್ಮಾ. ನೀವು ಹೇಳಿದ್ದನ್ನ ಸಾಕ್ಷಿ ಅಂತ ಹೇಗೆ ತಗೊಳ್ಳೋದು, ನೀವೇ ಹೇಳಿ?" ಕಲಿಸಿದವಳ ಮಾತು ನಡೆಯುವುದಿಲ್ಲ, ಏಕೆಂದರೆ ಅವಳು ಕಲಿಸಿದ್ದಾಳೆ. ಒಂದು ನಿಮಿಷ ಮಾತ್ರ ಕಂಡವರ ಮಾತು ನಡೆಯುತ್ತದೆ, ಏಕೆಂದರೆ ಅವರು ಒಂದೇ ನಿಮಿಷ ಕಂಡಿದ್ದಾರೆ.

ಕೊನೆಗೆ ಹುಡುಗಿಯ ತಾಯಿಯನ್ನು ಹುಡುಕಿಕೊಂಡು ಹೋದೆ. ಆಕೆ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಯಂತ್ರ ನಿಲ್ಲಿಸುವಂತಿಲ್ಲ, ನಿಂತು ಮಾತಾಡುವಂತಿಲ್ಲ. ಹಾಗಾಗಿ ಬಿಸಿ ಬಿಸಿ ಹಾಸುಬಟ್ಟೆಗಳ ಇನ್ನೊಂದು ತುದಿ ನಾನು ಹಿಡಿದೆ. ಮಡಚುತ್ತಾ ಮಾತಾಡಿದೆವು. ಘಟಕಕ್ಕೆ ಕಳಿಸುವ ಆದೇಶ ಬಂತೇ ಎಂದು ಕೇಳಿದೆ.

"ಬಂತು ಮೇಡಮ್. ಒಂದು ಪುಟ ಪೂರ್ತಿ ಇತ್ತು."

"ಯಾರು ಓದಿ ಹೇಳಿದ್ರು?"

"ನಂಗೆಲ್ಲಿ ಓದಕ್ಕೆ ಬರುತ್ತೆ? ಅವಳೇ ಓದಿದ್ಲು."

ನನ್ನ ಕೈ ನಿಂತಿತು. ಆಕೆ ಬಟ್ಟೆಯನ್ನು ಎಳೆದು ನೆನಪಿಸಿದಳು, ಮತ್ತೆ ಮಡಚಿದೆವು.

"ಪೂರ್ತಿ ಓದಿದ್ಲಾ?"

"ಪೂರ್ತಿ. ಯಾವ್ದೋ ಒಂದೆರಡು ಪದ ಅರ್ಥ ಆಗ್ಲಿಲ್ಲ ಅಂದ್ಲು. ನಿಂಗೆ ಓದಕ್ಕೆ ಬರಲ್ಲ ಅಂತ ಬರ್ದಿದಾರಾ ಅಂತ ಕೇಳ್ದೆ. ಹೂಂ ಅಮ್ಮ, ಹಾಗೇ ಬರ್ದಿದಾರೆ ಅಂದ್ಲು."

"ಮತ್ತೆ ನಿಮಗೆ ಅನ್ನಿಸ್ಲಿಲ್ವಾ..."

"ಅನ್ನಿಸ್ತು. ಆದ್ರೆ ಆಫೀಸಿನೋರು ಸೀಲ್ ಹಾಕಿ ಬರ್ದಿದಾರೆ. ಅವ್ರಿಗಿಂತ ನಂಗೆ ಜಾಸ್ತಿ ಗೊತ್ತಾ?" ಆಕೆ ಮಡಚಿದ ಬಟ್ಟೆಯನ್ನು ರಾಶಿಯ ಮೇಲಿಟ್ಟು, ಇನ್ನೊಂದನ್ನು ಎಳೆದುಕೊಂಡಳು. "ಅವಳು ಒಂದು ವಿಚಿತ್ರ ಮಾತು ಹೇಳ್ತಾಳೆ ಮೇಡಮ್, ನಂಗೆ ತಲೆಬುಡ ಅರ್ಥ ಆಗಲ್ಲ. ನೀವು ಬರ್ಲಿಲ್ವಲ್ಲ, ಅದಕ್ಕೆ... 'ಹನ್ನೊಂದು ಜಾಸ್ತಿ ಆಯ್ತೇನೋ ಅಮ್ಮ, ಇನ್ನೂ ಕಮ್ಮಿ ಓದ್ಬೇಕಿತ್ತು' ಅಂತಾಳೆ."

ಮಾನ್ಯರೇ, ಅಂದಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ. ತಮಗೆ ಸೇರುತ್ತಿದೆಯೋ ಇಲ್ಲವೋ ನಾನು ಕೇಳುವುದಿಲ್ಲ. ತಮ್ಮ ಆದೇಶವನ್ನು ಅದರ ಎಲ್ಲ ಒತ್ತಕ್ಷರಗಳ ಸಮೇತ, 'ಕಲಿಕಾ ನ್ಯೂನತೆ', 'ಸ್ಥಾನಾಂತರ' ಎಂಬ ಪದಗಳ ಸಮೇತ ಅಮ್ಮನಿಗೆ ಓದಿ ಹೇಳಿದ ಮಗುವನ್ನು ತಾವು ಓದಲು ಬಾರದವರ ಪಟ್ಟಿಯಲ್ಲಿಟ್ಟಿದ್ದೀರಿ ಎಂಬುದನ್ನಷ್ಟೇ ಗಮನಕ್ಕೆ ತರುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಈ ಹನ್ನೆರಡು ದಿನಗಳೊಳಗೆ ಅವಳಿಗೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ. ಬೇರೆ ಪರೀಕ್ಷಕರಿರಲಿ, ಬೇರೆ ಪುಟವಿರಲಿ, ಅಂದು ನಾನು ಆ ಶಾಲೆಯ ಗೇಟಿನೊಳಗೂ ಬರುವುದಿಲ್ಲ. ನನ್ನ ಅಂಕದ ಚಿಂತೆ ತಮಗೆ ಬೇಡ. ಈ ವರ್ಷದ ನನ್ನ ಅಭ್ಯಾಸ ಪಾಠವನ್ನು ಅನುತ್ತೀರ್ಣವೆಂದು ದಾಖಲಿಸುವಂತೆ ತರಬೇತಿ ಕಾಲೇಜಿಗೆ ನಿನ್ನೆ ಬರೆದುಕೊಟ್ಟಿದ್ದೇನೆ. ಅದರ ಪ್ರತಿ ತಮ್ಮ ಗುಮಾಸ್ತರ ಬಳಿ ಇದೆ. ಆ ಮಗು ಓದಿದರೆ ನನಗಿನ್ನು ಯಾವ ಲಾಭವೂ ಇಲ್ಲ. ಈಗಲಾದರೂ ನನ್ನ ಮಾತು ಸಾಕ್ಷಿಯಾಗುತ್ತದೆಯೇ?

ಅದರ ಜೊತೆಗೆ ಒಂದೇ ಒಂದು ಕೋರಿಕೆ. ಪರೀಕ್ಷೆಗೆ ಮೊದಲು ಯಾರಾದರೂ ಒಬ್ಬರು, ತಮ್ಮ ಗುಮಾಸ್ತರಾದರೂ ಸರಿ, ಅವಳ ಪಕ್ಕ ಕೂತು ಹೇಳಬೇಕು: ನೀನು ಚೆನ್ನಾಗಿ ಓದಿದರೂ ಮೇಡಮ್ ನಿನ್ನನ್ನು ನೋಡಲು ಬರುತ್ತಾರೆ. ನಾನು ಬರುತ್ತೇನೆ, ತಾವು ಕಳಿಸದಿದ್ದರೂ ಬರುತ್ತೇನೆ. ಇದನ್ನು ಹೇಳದೆ ಪುಸ್ತಕ ಕೈಗೆ ಕೊಡಬೇಡಿ. ಕೊಟ್ಟರೆ, ಈ ಸಲ ಅವಳು ಒಂದು ಪದವನ್ನೂ ಓದುವುದಿಲ್ಲ.

ಇಂತಿ,
ಸ್ವಂತ ಕೋರಿಕೆಯ ಮೇರೆಗೆ ಅನುತ್ತೀರ್ಣಳಾದ,
ಸೋಮವಾರ ಬರುತ್ತೇನೆಂದು ಹೇಳಿ ಹೋಗದಿದ್ದ
ಒಬ್ಬ ಅಭ್ಯಾಸಿ ಶಿಕ್ಷಕಿ