ಹದಿನೇಳು ಮುಚ್ಚಳಗಳು

ಹೊಸಮನೆ, ಶಿವಮೊಗ್ಗ
೨-೧೨-೨೦೦೧, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ತೀರ್ಥರೂಪು ಅಂತ ಶುರುಮಾಡಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಹತ್ತನೇ ತರಗತಿಯಲ್ಲಿ ಎರಡು ಸಲ ಫೇಲಾಗಿ ಪುಸ್ತಕ ಬಿಟ್ಟವನು ಹಾಗೆ ಬರೆದರೆ ನೀವೇ ನಗುತ್ತೀರಿ, ಅದಕ್ಕೇ ಬಿಟ್ಟೆ. ನಿಮ್ಮ ಎಡಗಾಲಿನ ಮಂಡಿ ಹೇಗಿದೆ? ಕಾರ್ಖಾನೆಯಲ್ಲಿ ಎರಡನೇ ಪಾಳಿಯೇ ನಡೆಯುತ್ತಿದೆಯೋ ಬದಲಾಯಿತೋ? ಜಗದಾಂಬಾ ಅತ್ತೆ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕುತ್ತಾರೆ, ನಿಮಗೆ ಆಮೇಲೆ ಎದೆ ಉರಿ ಬರುತ್ತದೆ ಎಂದು ಅಮ್ಮ ದಿನಾ ಹೇಳುತ್ತಾಳೆ. ಇದನ್ನು ಅತ್ತೆಗೆ ಓದಿ ಹೇಳಬೇಡಿ. ಅಮ್ಮ ಚೆನ್ನಾಗಿದ್ದಾಳೆ. ನಾನೂ ಚೆನ್ನಾಗಿದ್ದೇನೆ. ಆಟೋದ ಹಿಂದಿನ ಒಂದು ಟಯರು ಚೆನ್ನಾಗಿಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಅರ್ಧ ಗಂಟೆ ದಾರಿ. ಅಷ್ಟಕ್ಕೆ ಕಾಗದ ಯಾಕೆ ಎಂದು ನಿಮಗೆ ಅನ್ನಿಸಬಹುದು. ಹೋದ ಸಲ ನಾನು ಬಂದಾಗ ಬೀದಿಯ ಸುದ್ದಿ ಎತ್ತಿದ ಕೂಡಲೇ ನೀವು, "ಎಸ್ಸೆಸ್ಸೆಲ್ಸಿ ದಾಟದವನು ನನಗೆ ರಾಜಕೀಯ ಹೇಳ್ಕೊಡ್ತೀಯೇನೋ" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದಿರಿ. ಕಾಗದವಾದರೆ ಮಧ್ಯೆ ಬಾಯಿ ಹಾಕಲು ಆಗುವುದಿಲ್ಲ. ಮಡಚಿ ಇಡಬಹುದು, ಆದರೆ ನೀವು ಆಮೇಲೆ ತೆಗೆದು ಓದಿಯೇ ಓದುತ್ತೀರಿ, ಆ ಸ್ವಭಾವ ನನಗೂ ಬಂದಿದೆ.

ಸುದ್ದಿ ಒಳ್ಳೆಯದೇ. ಮೊದಲು ಒಂದು ತಪ್ಪು ಒಪ್ಪಿಕೊಂಡು ಮುಂದೆ ಹೋಗುತ್ತೇನೆ. ಎರಡು ವರ್ಷದ ಹಿಂದಿನ ಚುನಾವಣೆಯಲ್ಲಿ ನಾನು ಆಟೋಗೆ ಮೈಕು ಕಟ್ಟಿಕೊಂಡು ನಿಮ್ಮ ಪಾರ್ಟಿಯ ಪ್ರಚಾರ ಮಾಡುತ್ತಿದ್ದೆನಲ್ಲ, ಆಗ ನೀವು ಒಂದು ಚೀಟಿ ಬರೆದುಕೊಟ್ಟಿರಿ: "ಮದುವೆ ಮನೆಯ ಪಾಯಸದ ಸಕ್ಕರೆ ಕದ್ದವರ ಮಾತು ನಂಬಬೇಡಿ." ಹೆಸರು ಇರಲಿಲ್ಲ. ನಮ್ಮ ಬೀದಿಯಲ್ಲಿ ಪಾಯಸ ಮಾಡುವವರು ಎದುರು ಮನೆಯ ಕೊಟ್ರಬಸಪ್ಪ ಮಾವ ಒಬ್ಬರೇ ಆದ್ದರಿಂದ ಹೆಸರು ಬೇಕಾಗಿಯೂ ಇರಲಿಲ್ಲ. ಅವರು ಆ ಪಾರ್ಟಿ, ನೀವು ಈ ಪಾರ್ಟಿ. ಇಪ್ಪತ್ತು ವರ್ಷ ಬೀದಿಯ ಪ್ರತಿ ಮದುವೆ, ನಾಮಕರಣ, ತಿಥಿಗೆ ನೀವು ಸಾರು, ಅವರು ಪಾಯಸ, ಒಂದೇ ಒಲೆಯ ಮುಂದೆ ಕೂತು ಮಾಡಿದವರು. ಅವರು ಸಕ್ಕರೆ ಕದಿಯುವವರಲ್ಲ ಎಂದು ನಿಮಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಅವರ ಮನೆಯ ಮುಂದೆಯೇ ನಿಲ್ಲಿಸಿ ಮೂರು ಸಲ ಓದಿದೆ. ನನ್ನ ಧ್ವನಿ ಮೈಕಿನಲ್ಲಿ ಚೆನ್ನಾಗಿ ಕೇಳುತ್ತದೆ ಅನ್ನುವ ಕೊಬ್ಬು.

ಆಮೇಲೆ ಬೀದಿ ಎರಡು ಪಾರ್ಟಿಯಾಗಿ ಒಡೆದದ್ದು ನಿಮಗೆ ಗೊತ್ತೇ ಇದೆ. ಬೀದಿಯವರೆಲ್ಲ ಸೇರಿ ಮಾಡಿಸಿದ್ದ ಅಡುಗೆ ಸಾಮಾನನ್ನು ಪಾಲು ಮಾಡಿದ ಆ ಭಾನುವಾರವನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಸಿಟ್ಟೂ ಬರುತ್ತದೆ. ಒಬ್ಬರಾದ ಮೇಲೆ ಒಬ್ಬರು ಒಂದೊಂದು ಸಾಮಾನು ಆರಿಸಬೇಕು ಎಂದು ಮಾತಾಯಿತು. ಕೊಟ್ರಬಸಪ್ಪ ಮಾವ ದೊಡ್ಡ ಕೊಪ್ಪರಿಗೆ ಅಂದರು. ನೀವು ಎರಡನೇ ಕೊಪ್ಪರಿಗೆ ಎತ್ತಿಕೊಳ್ಳುವುದು ಬಿಟ್ಟು, ಹಟಕ್ಕೆ ಅದರ ಮುಚ್ಚಳ ಅಂದಿರಿ. ಅವರು ಹಂಡೆ ಅಂದರು, ನೀವು ಹಂಡೆಯ ಮುಚ್ಚಳ. ಅವರು ಅನ್ನದ ತಪ್ಪಲೆ, ನೀವು ತಪ್ಪಲೆಯ ಮುಚ್ಚಳ. ಕೊನೆಗೆ ಹದಿನೇಳು ಪಾತ್ರೆ ಅವರ ಮನೆಗೆ ಹೋದವು, ಹದಿನೇಳು ಮುಚ್ಚಳ ನಮ್ಮ ಹಿಂದಿನ ಕೋಣೆಗೆ ಬಂದವು. ನೀವು ಬೀಗ ಹಾಕಿ ಕೀಲಿಯನ್ನು ಸೈಕಲ್ ಕೀಲಿಯ ಜೊತೆ ಸೇರಿಸಿಕೊಂಡಿರಿ. ಅವತ್ತಿನಿಂದ ಅವರ ಕಡೆಯವರು ಅನ್ನದ ಮೇಲೆ ತಗಡು ಮುಚ್ಚಿ ಮದುವೆ ಮಾಡಿದರು. ನಮ್ಮ ಕಡೆಯವರು ಶಾಮಿಯಾನ ಅಂಗಡಿಯ ಪಾತ್ರೆ ತಂದರು. ಎರಡು ಕಡೆಯೂ ಅನ್ನ ಸೀದಿತು. ನಮ್ಮದು ರುಚಿಯಾಗಿತ್ತು ಎಂದು ಎರಡು ಕಡೆಯವರೂ ಹೇಳಿಕೊಂಡು ತಿರುಗಿದರು.

ಅಜ್ಜಿ ಹೋದಾಗಿನದನ್ನು ಬರೆಯಲು ನನಗೆ ಕಷ್ಟ. ನಮ್ಮ ಬೀದಿಯಲ್ಲಿ ಸಾವಿನ ಮನೆಯ ಊಟಕ್ಕೆ ಯಾರನ್ನೂ ಕರೆಯುವುದಿಲ್ಲ, ಬೀದಿ ತಾನಾಗಿ ಬರುತ್ತದೆ, ತಾನಾಗಿ ಬೇಯಿಸಿ ಬಡಿಸುತ್ತದೆ. ನೀವು ಹಾಗೆಯೇ ಕಾದಿರಿ. ಇನ್ನೂರು ಎಲೆ ಕೊಯ್ಯಿಸಿದ್ದಿರಿ, ಅರ್ಧ ಬೀದಿ ಬರಲೇ ಇಲ್ಲ. ಖಾಲಿ ಸಾಲಿನ ಮುಂದೆ ನೀವು ಸಾರಿನ ಬಕೆಟ್ಟು ಹಿಡಿದು ನಿಂತಿದ್ದನ್ನು ನಾನು ನೋಡಿದೆ, ನೋಡಲಿಲ್ಲವೆಂಬಂತೆ ಆಚೆ ತಿರುಗಿದೆ. ವಾರದೊಳಗೆ ನೀವು ಬಟ್ಟೆ ಗಂಟು ಕಟ್ಟಿಕೊಂಡು, "ಇದು ನನ್ನ ಬೀದಿ ಅಲ್ಲ" ಅಂದು ಅತ್ತೆಯ ಕ್ವಾರ್ಟರ್ಸಿಗೆ ಹೋದಿರಿ. ಹತ್ತಿರ ಹತ್ತಿರ ಒಂದು ವರ್ಷವಾಯಿತು.

ಈಗ ಒಳ್ಳೆಯ ಸುದ್ದಿ. ಈ ಸಲದ ನಗರಸಭೆ ಚುನಾವಣೆಗೆ ನಾನು ಬಾಡಿಗೆ ಕೊಟ್ಟವರಿಗೆಲ್ಲ ಮೈಕು ಹಿಡಿದೆ. ಬೈಯಬೇಡಿ, ಟಯರಿನ ವಿಷಯ ಮೊದಲೇ ಬರೆದಿದ್ದೇನೆ. ಅಕ್ಟೋಬರಿನಲ್ಲಿ ಕೊಟ್ರಬಸಪ್ಪ ಮಾವನ ಪಾರ್ಟಿಯವರು ಒಂದು ಚೀಟಿ ಕೊಟ್ಟರು. ನಿಮ್ಮ ಮುಖಂಡರು, ಅದೇ ರವೀಂದ್ರನಗರದವರು, ಊರಿನ ಕೆರೆ ನುಂಗಿದವರು ಎಂದು ಅದರಲ್ಲಿತ್ತು. ಓದಿದೆ. ನವೆಂಬರಿನಲ್ಲಿ ಆ ಮುಖಂಡರು ಹಾರ ಹಾಕಿಸಿಕೊಂಡು ಅದೇ ಪಾರ್ಟಿಗೆ ಸೇರಿಕೊಂಡರು. ನೀವು ಯಾರಿಗಾಗಿ ಬೀದಿ ಬಿಟ್ಟಿರೋ ಅವರು, ಅಪ್ಪಾ, ಕೊಟ್ರಬಸಪ್ಪ ಮಾವನ ಪಾರ್ಟಿಯ ಜೀಪಿನಲ್ಲಿ ಮುಂದಿನ ಸೀಟಿನಲ್ಲಿ ಕೂತು ನಮ್ಮ ಬೀದಿಗೆ ಬಂದು ಕೈ ಮುಗಿದರು. ಮಾರನೆಯ ದಿನ ನನಗೆ ಹೊಸ ಚೀಟಿ ಬಂತು. ಈಗ ಅವರು ಕೆರೆ ಕಟ್ಟಿಸಿದವರು. ಅಕ್ಷರ ಅದೇ, ಪೆನ್ನೂ ಅದೇ ಹಸಿರು ಪೆನ್ನು.

ಬೀದಿಯ ನಲ್ಲಿಯ ಹತ್ತಿರ ಆಟೋ ನಿಲ್ಲಿಸಿದೆ. ನೀರು ಬಿಟ್ಟಿದ್ದರು, ಎರಡು ಕಡೆಯ ಹೆಂಗಸರೂ ಎರಡು ಸಾಲಿನಲ್ಲಿ ನಿಂತಿದ್ದರು. ನಲ್ಲಿಗೂ ಎರಡು ಸಾಲು ಮಾಡಿಕೊಂಡಿದ್ದೆವು, ಇದು ನೀವು ಹೋದ ಮೇಲಿನ ಸಾಧನೆ. ಚೀಟಿ ಓದಲು ಬಾಯಿ ತೆರೆದರೆ ಆಗಲಿಲ್ಲ. ಪಾಯಸದ ಸಕ್ಕರೆ ನೆನಪಾಯಿತು. ಮೈಕಿನಲ್ಲೇ ಹೇಳಿಬಿಟ್ಟೆ: "ಬಂಧುಗಳೇ, ಹೋದ ತಿಂಗಳು ಇದೇ ಮೈಕಲ್ಲಿ ಇವರು ಕೆರೆ ನುಂಗಿದವರು ಅಂದೆ. ಇವತ್ತು ಕೆರೆ ಕಟ್ಟಿಸಿದವರು ಅನ್ನು ಅಂತ ಚೀಟಿ ಕೊಟ್ಟಿದ್ದಾರೆ. ಬರೆದ ಕೈ ಒಂದೇ. ಇದರಲ್ಲಿ ಯಾವುದು ನಿಜ ಅಂತ ನನಗೆ ಗೊತ್ತಿಲ್ಲ, ನನ್ನ ಆಟೋ ಬಾಡಿಗೆ ಒಂದೇ ನಿಜ."

ಆಮೇಲೆ ಕರಿಯಮ್ಮ, ಮೂಲೆ ಮನೆಯ ಸೊಪ್ಪಿನ ಕರಿಯಮ್ಮ, ಕೊಡ ಕೆಳಗಿಟ್ಟು ಕೇಳಿದಳು: "ಹಂಗಾದ್ರೆ ನುಂಗಿದ ಕೆರೆನ ವಾಪಸ್ ಉಗುಳಿದ್ನೇನೋ ಮಧು?" ಅಷ್ಟೇ. ಆ ಸಾಲು ನಕ್ಕಿತು, ಈ ಸಾಲು ನಕ್ಕಿತು. ಯಾರ ಕೊಡ ತುಂಬಿ ಹರಿಯಿತೋ ಯಾರೂ ನೋಡಲಿಲ್ಲ. ಕೊಟ್ರಬಸಪ್ಪ ಮಾವ ತಮ್ಮ ಜಗಲಿಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು. ಎದುರಿಗೆ ನೋಡಿದರೆ ಅಮ್ಮನೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ಕಂಡು ಥಟ್ಟನೆ ನಿಲ್ಲಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ ಶುರುಮಾಡಿದರು. ಪಾರ್ಟಿಯ ಹುಡುಗರು ಬಂದು ನನ್ನ ಆಟೋದಿಂದ ಮೈಕು ಕಿತ್ತುಕೊಂಡು ಹೋದರು. ತಲೆಯಿಂದ ಮೂಟೆ ಇಳಿದ ಹಾಗಾಯಿತು.

ಆ ಸಂಜೆ ಕೊಟ್ರಬಸಪ್ಪ ಮಾವ ನಮ್ಮ ಬಾಗಿಲಿಗೆ ಬಂದರು. ಎರಡು ವರ್ಷದ ಮೇಲೆ. ಅಮ್ಮ ಚಾಪೆ ಹಾಕಿದಳು. ನಾನು ಅವರ ಮುಂದೆ ನಿಂತು, ಸಕ್ಕರೆಯ ಮಾತು ಮೈಕಿನಲ್ಲಿ ಓದಿದ್ದು ನನ್ನ ತಪ್ಪು, ಬರೆದುಕೊಟ್ಟಿದ್ದು ಅಪ್ಪ, ಅಂದೆ. ನಿಮ್ಮನ್ನು ಹಿಡಿದುಕೊಟ್ಟೆ ಎಂದು ಬೇಸರ ಮಾಡಿಕೊಳ್ಳಬೇಡಿ. ಅವರು, "ಗೊತ್ತಿತ್ತು ಬಿಡೋ ಮಾರಾಯ, ಅಷ್ಟು ನೆಟ್ಟಗೆ ಒಂದು ವಾಕ್ಯ ಬರೆಯೋಕೆ ನಿನಗೆ ಬರುತ್ತಾ?" ಅಂದರು. ಆಮೇಲೆ ಕಾಫಿ ಲೋಟ ಕೈಯಲ್ಲಿ ತಿರುಗಿಸುತ್ತಾ ಅವರು ಅಮ್ಮನಿಗೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಸುಭದ್ರಮ್ಮ ಅಜ್ಜಿ ಊಟದ ದಿನ ನಾನು ಸ್ನಾನ ಮಾಡಿ, ಸೊಂಟಕ್ಕೆ ಟವಲ್ ಕಟ್ಟಿ, ಬಾಗಿಲಲ್ಲಿ ನಿಂತಿದ್ದೆ ಉಮಕ್ಕ. ಉಜ್ಜನಪ್ಪ ಕರೀತಾನೆ, ಪಾಯಸಕ್ಕಾದ್ರೂ ಕರೀತಾನೆ ಅಂತ. ಮಧ್ಯಾಹ್ನ ಮೂರು ಗಂಟೆ ತನಕ ನಿಂತಿದ್ದೆ. ಪಾಲಾದ ಮೇಲೆ ಕರೆಯದೇ ಹೆಂಗೆ ಬರೋದು?" ನೀವು ಅವರು ತಾವಾಗಿ ಬರಲಿ ಎಂದು ಕಾದಿರಿ, ಅವರು ನೀವು ಕರೆಯಲಿ ಎಂದು ಕಾದರು. ಇಬ್ಬರ ಮಧ್ಯೆ ಎಂಟು ಅಡಿ ಬೀದಿ. ಅಮ್ಮ ಒಳಗೆ ಹೋದಳು, ಬರುವಾಗ ಮುಖ ತೊಳೆದುಕೊಂಡು ಬಂದಳು.

ಮತದಾನದ ದಿನ ನಮ್ಮ ಬೀದಿ ಇಷ್ಟು ತಣ್ಣಗಿದ್ದದ್ದನ್ನು ನಾನು ಕಂಡಿರಲಿಲ್ಲ. ಎರಡು ಪಾರ್ಟಿಯವರೂ ಮತದಾರರ ಚೀಟಿ ಹಂಚಲು ಬಂದಾಗ ಕರಿಯಮ್ಮ, "ಚೀಟಿ ಅಲ್ಲಿಟ್ಟು ಹೋಗ್ರಪ್ಪ, ಹೋಗ್ತಾ ನಿಮ್ಮ ಜಗಳಾನೂ ತಗೊಂಡು ಹೋಗಿ, ನಮ್ಮನೇಲಿ ಜಾಗ ಇಲ್ಲ" ಅಂದಳು. ಯಾರು ಯಾರಿಗೆ ಹಾಕಿದರೋ ಯಾರೂ ಕೇಳಲಿಲ್ಲ. ಗೆದ್ದವರು ಪಟಾಕಿ ಹಿಡಿದುಕೊಂಡು ಬಂದರು, ಬೀದಿಯ ತುದಿಯಲ್ಲಿ ಎರಡು ಹೊಡೆದು, ಯಾರೂ ಹೊರಗೆ ಬರದಿದ್ದಕ್ಕೆ ಹಾಗೆಯೇ ಹೋದರು. ನಲ್ಲಿಗೆ ಈಗ ಒಂದೇ ಸಾಲು. ಎಲ್ಲರೂ ಸರಿಹೋಗಿದ್ದಾರೆ ಎಂದು ಬರೆದರೆ ಸುಳ್ಳಾಗುತ್ತದೆ. ಟೈಲರ್ ರೇಣುಕಾಪ್ರಸಾದ್ ಇನ್ನೂ ನಮ್ಮ ಮನೆಯ ಮುಂದೆ ಬೇಕೆಂದೇ ಸೈಕಲ್ ಬೆಲ್ ಹೊಡೆದುಕೊಂಡು ಹೋಗುತ್ತಾನೆ. ಹೊಡೆದುಕೊಳ್ಳಲಿ.

ಬರುವ ಗುರುವಾರಕ್ಕೆ ಅಜ್ಜಿ ಹೋಗಿ ವರ್ಷ. ನಾವು ಯಾರಿಗೂ ಹೇಳಿರಲಿಲ್ಲ. ಮೊನ್ನೆ ಬೀದಿಯವರೇ ಬಂದರು, ಎರಡು ಕಡೆಯವರೂ, ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ. ಅಜ್ಜಿಯ ಊಟ ನಾವು ಉಣ್ಣದೆ ಉಳಿಸಿದ್ದೇವೆ, ಈ ಸಲ ನಾವೇ ಬೇಯಿಸಿ ಉಣ್ಣುತ್ತೇವೆ ಅಂದರು. ಕೊಪ್ಪರಿಗೆಗಳೆಲ್ಲ ಹೊರಗೆ ಬಂದಿವೆ. ಒಳಗೆ ಹಸಿರುಗಟ್ಟಿವೆ, ಕಲಾಯಿ ಹಾಕಿಸದೆ ಅಡುಗೆಗೆ ಇಡುವ ಹಾಗಿಲ್ಲ. ಕಲಾಯಿ ಅಬ್ಬಾಸ್ ಅಲಿ ಚಾಚಾ ನಿನ್ನೆಯೇ ತಿದಿ ಹೂಡಿ ಕೂತರು, ಆದರೆ ಪಾತ್ರೆ ಮುಟ್ಟಲಿಲ್ಲ. "ಕೊಪ್ಪರಿಗೆ ತಂದ್ರಿ, ಮುಚ್ಚಳ ಎಲ್ಲಿ? ತಲೆ ಬಿಟ್ಟು ಮೈಗೆ ಮಾತ್ರ ಸ್ನಾನ ಮಾಡಿಸೋದು ಎಲ್ಲಾದ್ರೂ ಉಂಟಾ? ಎರಡು ವರ್ಷ ಎರಡು ಕಡೆಯವರೂ ಬಂದು ನಮ್ಮವನಾಗು ಅಂತ ನನ್ನ ತಲೆ ತಿಂದ್ರಿ. ನನ್ನ ಕೆಲಸ ಮಾಡೋಕೆ ಬಿಡಿ, ಮೊದಲು ಮುಚ್ಚಳ ತನ್ನಿ" ಅಂದರು. ಎಲ್ಲರೂ ನಮ್ಮ ಹಿಂದಿನ ಕೋಣೆಯ ಬಾಗಿಲ ಮುಂದೆ ನಿಂತೆವು. ಯಾರೋ ಸುತ್ತಿಗೆ ತಂದರು. ಕೊಟ್ರಬಸಪ್ಪ ಮಾವ ಸುತ್ತಿಗೆ ಕಿತ್ತುಕೊಂಡು, "ಬೀಗ ಒಡೆದ್ರೆ ಮುಚ್ಚಳ ಸಿಗುತ್ತೆ. ಉಜ್ಜನಪ್ಪ ಸಿಗಲ್ಲ" ಅಂದರು. ಸುತ್ತಿಗೆ ಈಗಲೂ ಅವರ ಹತ್ತಿರವೇ ಇದೆ.

ಅಮ್ಮ ಈ ಕಾಗದಕ್ಕೆ ಏನೂ ಸೇರಿಸುವುದಿಲ್ಲವಂತೆ. ನಿಮ್ಮ ಬಿಳಿ ಪಂಚೆ ಒಗೆದು ಗಂಜಿ ಹಾಕಿ ಮಡಚಿಟ್ಟಿದ್ದಾಳೆ, ಅಷ್ಟು ಬರೆ ಅಂದಳು. ಅತ್ತೆಗೆ ನನ್ನ ನಮಸ್ಕಾರ, ಹುಣಸೆಹಣ್ಣಿನ ಮಾತು ಮಾತ್ರ ಬೇಡ. ನಿಮ್ಮ ಕಾಲು ಮುಟ್ಟಿ ಕಾಗದ ಮುಗಿಸುತ್ತೇನೆ. ಎಡಗಾಲನ್ನು ಮೆಲ್ಲಗೆ ಮುಟ್ಟಿದ್ದೇನೆ.

ನಿಮ್ಮ ಮಗ,
ಮಧು

ಮರೆತ ಮಾತು: ಇದೊಂದನ್ನು ಮಾತ್ರ ಭದ್ರಾವತಿಗೆ ಬಂದ ಮೇಲೆ, ಅತ್ತೆಯ ಕ್ವಾರ್ಟರ್ಸಿನ ಮೂಲೆಯಲ್ಲಿ ಆಟೋ ಸೀಟಿನ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಕಾಗದವನ್ನು ಅತ್ತೆಯ ಕೈಗೆ ಕೊಟ್ಟು ವಾಪಸ್ ಇಲ್ಲೇ ಬಂದು ನಿಲ್ಲುತ್ತೇನೆ. ಕೀಲಿ ತನ್ನಿ, ನೀವೂ ಬನ್ನಿ. ಮಲವಗೊಪ್ಪ ದಾಟಿದ ಮೇಲೆ ನನ್ನ ಆಟೋಗೆ ಪರ್ಮಿಟ್ ಇಲ್ಲ, ಪೊಲೀಸರು ಕೇಳಿದರೆ ನಾನು ನಿಜವನ್ನೇ ಹೇಳಿಬಿಡುತ್ತೇನೆ, ಆದ್ದರಿಂದ ಬೇಗ. ಹಿಂದಿನ ಸೀಟಿನಲ್ಲಿ ಕೊಟ್ರಬಸಪ್ಪ ಮಾವ ಕೂತಿದ್ದಾರೆ. ಸ್ನಾನ ಮಾಡಿ, ಸೊಂಟಕ್ಕೆ ಟವಲ್ ಕಟ್ಟಿಕೊಂಡಿದ್ದಾರೆ. ಇಳಿದು ಬನ್ನಿ ಅಂದರೆ ಇಳಿಯುತ್ತಿಲ್ಲ, ನಿಮ್ಮ ಬಾಗಿಲ ಕಡೆಯಿಂದ ಕಣ್ಣೂ ತೆಗೆಯುತ್ತಿಲ್ಲ. ಇವರನ್ನು ಈ ಸಲ ಯಾರೂ ಕರೆದಿಲ್ಲ ಅಪ್ಪಾ. ತಾವಾಗಿ ಬಂದಿದ್ದಾರೆ.